ಮಾತ್ರೆಯ ಚಟಕ್ಕೆ ಮಾತ್ರೆಯೇ ಮದ್ದೇ?

ಈ ತಿಂಗಳು ಸಂಡೂರು ತಾಲೂಕಿನ ಸಹೋದರಿಯೊಬ್ಬರ ಪತ್ರವನ್ನು ಎತ್ತಿಕೊಂಡಿದ್ದೇವೆ. ಹೆಸರು ಹಾಕಬೇಡಿ ಎಂದು ಅವರು ಕೇಳಿಕೊಂಡಿದ್ದಾರೆ. ಪತ್ರ ಉದ್ದವಾಗಿದೆ. ಅದರ ಸಾರ ಇಷ್ಟು:

"ನನ್ನ ಯಜಮಾನರು ಅದಿರು ಲಾರಿಯ ಡ್ರೈವರ್. ಕುಡಿಯುವವರಲ್ಲ, ಬೀಡಿ ಕೂಡ ಸೇದುತ್ತಿರಲಿಲ್ಲ. ಐದು ವರ್ಷದ ಹಿಂದೆ ಸೊಂಟ ನೋವೆಂದಾಗ ಜೊತೆಯ ಡ್ರೈವರೊಬ್ಬರು ಕೊಟ್ಟ ಮಾತ್ರೆ ನುಂಗಿದರು. ನೋವೂ ಹೋಯಿತು, ನಿದ್ದೆಗೆಟ್ಟು ಲಾರಿ ಓಡಿಸುವ ಶಕ್ತಿಯೂ ಬಂದಂತಾಯಿತು. ಒಂದು ಮಾತ್ರೆ ನಾಲ್ಕಾಯಿತು, ನಾಲ್ಕು ಹತ್ತಾಯಿತು. ಸಿಗದ ದಿನ ಮೈಯೆಲ್ಲ ಮುರಿದಂತೆ ಒದ್ದಾಡುತ್ತಾರೆ. ಎರಡು ಸಲ ಚಟ ಬಿಡಿಸುವ ಕೇಂದ್ರಕ್ಕೆ ಸೇರಿಸಿದೆವು. ಒಮ್ಮೆ ನನ್ನ ಬಳೆ, ಇನ್ನೊಮ್ಮೆ ಅತ್ತೆಯವರ ಸರ ಅಡವಿಗೆ ಹೋದವು. ಎರಡೂ ಸಲ ತಿಂಗಳಿಟ್ಟುಕೊಂಡು ಕಳುಹಿಸಿದರು. ಎರಡೂ ಸಲ ಹದಿನೈದು ದಿನದೊಳಗೆ ಮತ್ತೆ ಶುರುವಾಯಿತು. ಈಗ ಮನೋವೈದ್ಯರೊಬ್ಬರು ನಾಲಿಗೆಯ ಕೆಳಗಿಡುವ ಮಾತ್ರೆ ಕೊಟ್ಟು, ಒಂದು ವರ್ಷವಾದರೂ ತೆಗೆದುಕೊಳ್ಳಬೇಕು ಎಂದಿದ್ದಾರೆ. ಮೂರು ವಾರವಾಯಿತು, ಮನೆ ಮನೆಯಂತಿದೆ. ಆದರೆ ಅತ್ತೆಯವರು, 'ಒಂದು ನಶೆ ಬಿಡಿಸಿ ಇನ್ನೊಂದು ನಶೆ ಹಚ್ಚಿದ್ದಾರೆ. ಇದೂ ಹರಾಮೇ, ನಿಲ್ಲಿಸಿಬಿಡು' ಎನ್ನುತ್ತಾರೆ. ಮಾತ್ರೆಗಾಗಿ ವಾರಕ್ಕೊಮ್ಮೆ ಜಿಲ್ಲಾ ಕೇಂದ್ರಕ್ಕೆ ಹೋಗಿ ಬಂದರೆ ಒಂದು ದಿನದ ದುಡಿಮೆ ಹೋಗುತ್ತದೆ. ಲಾರಿಯ ಮಾಲಕರು ಇನ್ನು ರಜೆ ಇಲ್ಲ ಎಂದಿದ್ದಾರೆ. ನಾನು ಏನು ಮಾಡಲಿ?"

ಸಹೋದರಿ, ಮೊದಲು ಒಂದೇ ಮಾತಿನ ಉತ್ತರ: ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಯಾಕೆಂಬುದನ್ನು ನಿಮ್ಮ ಅತ್ತೆಯವರಿಗೂ ಓದಿ ಹೇಳಲು ಅನುಕೂಲವಾಗುವಂತೆ ವಿವರವಾಗಿ ಬರೆಯುತ್ತಿದ್ದೇವೆ. ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು ಕಡೆಯ ಇನ್ನೂ ಅನೇಕ ಮನೆಗಳಿಗೆ ಇದು ಉಪಯೋಗವಾಗಬಹುದು.

ಇದು ಯಾವ ಕಾಯಿಲೆ?

ನಮ್ಮ ನಾಡಿನಲ್ಲಿ ಚಟ ಎಂದೊಡನೆ ನೆನಪಾಗುವುದು ಮದ್ಯ. ಅದು ಸಹಜ. ಸಂಖ್ಯೆಯಲ್ಲಿ ಮದ್ಯದ ಹಾವಳಿಯೇ ದೊಡ್ಡದು. ಆದರೆ ಇನ್ನೊಂದು ಗುಂಪಿನ ಮಾದಕ ವಸ್ತುಗಳಿವೆ. ಅವು ಅಫೀಮಿನ ಮನೆತನಕ್ಕೆ ಸೇರಿದವು. ಅಫೀಮು, ಬ್ರೌನ್ ಶುಗರ್ ಎಂದು ಕರೆಯುವ ಹೆರಾಯಿನ್, ಕೊಡೀನ್ ಬೆರೆಸಿದ ಕೆಮ್ಮಿನ ಸಿರಪ್, ಟ್ರಮಡಾಲ್ ಮತ್ತು ಟಪೆಂಟಡಾಲ್ ಎಂಬ ನೋವಿನ ಮಾತ್ರೆಗಳು, ಪೆಂಟಜೋಸಿನ್ ಎಂಬ ಇಂಜೆಕ್ಷನ್ ಎಲ್ಲವೂ ಈ ಗುಂಪಿನವೇ. ವೈದ್ಯರ ಕೈಯಲ್ಲಿ ಇವುಗಳಲ್ಲಿ ಹಲವು ಒಳ್ಳೆಯ ಔಷಧಿಗಳು. ಶಸ್ತ್ರಚಿಕಿತ್ಸೆಯ ಬಳಿಕ, ಕ್ಯಾನ್ಸರಿನ ನೋವಿನಲ್ಲಿ ಇವು ದೊಡ್ಡ ಅನುಗ್ರಹ. ಚೀಟಿಯಿಲ್ಲದೆ, ಲೆಕ್ಕವಿಲ್ಲದೆ ಜೇಬಿನಿಂದ ಜೇಬಿಗೆ ಸಾಗಿದಾಗ ಇವೇ ಮನೆ ಮುರಿಯುತ್ತವೆ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದಿಲ್ಲಿಯ ಏಮ್ಸ್ ಸಂಸ್ಥೆ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅದರ ಪ್ರಕಾರ ದೇಶದಲ್ಲಿ ಶೇ. 2.1ರಷ್ಟು, ಅಂದರೆ ಎರಡು ಕೋಟಿಗೂ ಹೆಚ್ಚು ಜನ ಈ ಗುಂಪಿನ ಯಾವುದಾದರೊಂದು ವಸ್ತುವನ್ನು ಬಳಸುತ್ತಿದ್ದರು. ಅವರಲ್ಲಿ ಸುಮಾರು 77 ಲಕ್ಷ ಮಂದಿಗೆ ನೆರವಿನ ಅಗತ್ಯವಿತ್ತು. ಹೆರಾಯಿನ್ ಬಳಸುವವರ ಹಿಂದೆಯೇ ಔಷಧಿ ಅಂಗಡಿಯ ಮಾತ್ರೆ, ಸಿರಪ್‌ಗಳನ್ನು ಬಳಸುವವರಿದ್ದರು. ಪಂಜಾಬ್, ಹರಿಯಾಣ, ಮಣಿಪುರ, ಮಿಝೋರಾಮ್‌ಗಳಷ್ಟು ಹೊರೆ ಕರ್ನಾಟಕದ ಮೇಲಿಲ್ಲ. ಆದರೆ ಮಾತ್ರೆಗೆ ರಾಜ್ಯದ ಗಡಿ ಗೊತ್ತಿಲ್ಲ. ಅದಿರು ಲಾರಿ, ಭತ್ತದ ಮೂಟೆ, ಕಬ್ಬಿನ ಹೊರೆ, ಕಲ್ಲಿನ ಕೆಲಸ ಎಂದು ತುಂಗಭದ್ರೆಯ ಈ ದಂಡೆಯ ದುಡಿಮೆಯೆಲ್ಲ ಮೈ ನೋವಿನ ದುಡಿಮೆ. ನೋವು ಇರುವಲ್ಲಿ ನೋವಿನ ಮಾತ್ರೆಗೆ ದಾರಿ ಸುಲಭ.

ಈ ವಸ್ತು ದಿನವೂ ಒಳಗೆ ಹೋಗುತ್ತಿದ್ದರೆ ಮಿದುಳು ಅದಕ್ಕೆ ಹೊಂದಿಕೊಳ್ಳುತ್ತದೆ. ಮೊದಲು ಒಂದು ಮಾತ್ರೆಗೆ ಸಿಗುತ್ತಿದ್ದ ಪರಿಣಾಮಕ್ಕೆ ಈಗ ಹತ್ತು ಬೇಕು. ಕೆಲವು ತಿಂಗಳಾದ ಮೇಲೆ ಸುಖಕ್ಕಾಗಿ ಯಾರೂ ಮಾತ್ರೆ ನುಂಗುವುದಿಲ್ಲ. ಸಿಗದಿದ್ದರೆ ಬರುವ ಯಾತನೆಗೆ ಹೆದರಿ ನುಂಗುತ್ತಾರೆ. ಮೈಕೈ ಸೆಳೆತ, ಬಿಡದ ಆಕಳಿಕೆ, ಮೂಗು ಕಣ್ಣಲ್ಲಿ ನೀರು, ಮೈ ನವಿರೇಳುವುದು, ವಾಂತಿ, ಭೇದಿ, ರಾತ್ರಿಯಿಡೀ ನಿದ್ದೆ ಇಲ್ಲ. ಹೊರಗಿನಿಂದ ನೋಡುವವರಿಗೆ ಇದು ನಾಟಕದಂತೆ ಕಾಣುತ್ತದೆ. ಅನುಭವಿಸುವವನಿಗೆ ಅದು ನಾಟಕವಲ್ಲ.

ಕೇಂದ್ರದಿಂದ ಬಂದವರು ಮತ್ತೆ ಬೀಳುವುದೇಕೆ?

ತಿಂಗಳ ಕಾಲ ಒಳಗಿಟ್ಟುಕೊಂಡು ಮಾತ್ರೆ ಸಿಗದಂತೆ ಮಾಡಿದರೆ ಯಾತನೆ ಇಳಿಯುತ್ತದೆ ನಿಜ. ಆದರೆ ಮಿದುಳಿನಲ್ಲಿ ವರ್ಷಗಳಿಂದ ಆದ ಬದಲಾವಣೆ ಒಂದು ತಿಂಗಳಲ್ಲಿ ಸರಿಹೋಗುವುದಿಲ್ಲ. ಹೊರಗೆ ಬಂದ ಕೂಡಲೇ ಅದೇ ಲಾರಿ, ಅದೇ ಸೊಂಟ ನೋವು, ಅದೇ ಸಾಲ, ಅದೇ ಜೊತೆಗಾರ. ಹಂಬಲ ಮತ್ತೆ ಎದ್ದು ನಿಲ್ಲುತ್ತದೆ. ಹೀಗೆ ಬರೀ ಬಿಡಿಸಿ ಕಳುಹಿಸಿದವರಲ್ಲಿ ಹೆಚ್ಚಿನವರು ಮರಳಿ ಬೀಳುತ್ತಾರೆ ಎಂಬುದು ಪ್ರಪಂಚದ ಎಲ್ಲ ಕಡೆಯ ಅನುಭವ. ಇದರಲ್ಲಿ ನಿಮ್ಮ ಯಜಮಾನರ ಈಮಾನಿನ ಕೊರತೆಯನ್ನಾಗಲಿ ನಿಮ್ಮ ಪ್ರೀತಿಯ ಕೊರತೆಯನ್ನಾಗಲಿ ಹುಡುಕಬೇಡಿ.

ಇದಕ್ಕಿಂತ ಭಯಾನಕವಾದ ಮಾತೊಂದಿದೆ. ತಿಂಗಳ ಕಾಲ ಬಿಟ್ಟಿದ್ದಾಗ ದೇಹದ ತಾಳಿಕೆ ಇಳಿದಿರುತ್ತದೆ. ಹಳೆಯ ಲೆಕ್ಕದಲ್ಲೇ ಹತ್ತು ಮಾತ್ರೆ ನುಂಗಿದರೆ, ಇಲ್ಲವೇ ಹಳೆಯ ಅಳತೆಯ ಇಂಜೆಕ್ಷನ್ ಚುಚ್ಚಿಕೊಂಡರೆ ಉಸಿರಾಟವೇ ನಿಲ್ಲಬಹುದು. ಕೇಂದ್ರದಿಂದಲೋ ಜೈಲಿನಿಂದಲೋ ಹೊರಬಂದ ಮೊದಲ ಕೆಲವು ವಾರಗಳಲ್ಲಿ ಸಾವಿನ ಅಪಾಯ ಬಹಳ ಹೆಚ್ಚು. ನಿಮ್ಮ ಯಜಮಾನರು ಎರಡು ಸಲ ಆ ಹೊಸ್ತಿಲನ್ನು ದಾಟಿ ಬಂದಿದ್ದಾರೆ. ಅಲ್‌ಹಮ್ದುಲಿಲ್ಲಾಹ್. ಈಗ ನಡೆಯುತ್ತಿರುವ ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಿದರೆ ಮೂರನೆಯ ಸಲ ಅದೇ ಹೊಸ್ತಿಲಿಗೆ ತಳ್ಳಿದಂತಾಗುತ್ತದೆ.

ನಾಲಿಗೆಯ ಕೆಳಗಿನ ಮಾತ್ರೆ

ನಾಲಿಗೆಯ ಕೆಳಗಿಡಲು ಕೊಡುವ ಮಾತ್ರೆ ಬುಪ್ರೆನಾರ್ಫಿನ್. ಹೆಚ್ಚಾಗಿ ಅದರ ಜೊತೆ ನಲೊಕ್ಸೋನ್ ಎಂಬ ಇನ್ನೊಂದು ಔಷಧಿಯನ್ನು ಸೇರಿಸಿರುತ್ತಾರೆ. ಬುಪ್ರೆನಾರ್ಫಿನ್ ಕೂಡ ಅಫೀಮಿನ ಮನೆತನದ್ದೇ. ನಿಮ್ಮ ಅತ್ತೆಯವರ ಮಾತಿನಲ್ಲಿ ಅಷ್ಟರ ಮಟ್ಟಿಗೆ ಸತ್ಯವಿದೆ. ಆದರೆ ಅದು ಕೆಲಸ ಮಾಡುವ ರೀತಿ ಬೇರೆ.

ಮಿದುಳಿನಲ್ಲಿ ಈ ವಸ್ತುಗಳು ಬಂದು ಕೂರುವ ಜಾಗಗಳನ್ನು ಬೀಗ ಎಂದುಕೊಳ್ಳಿ. ಹೆರಾಯಿನ್ ಅಥವಾ ಟಪೆಂಟಡಾಲ್ ಆ ಬೀಗವನ್ನು ಪೂರ್ತಿ ತೆರೆಯುವ ಕೀಲಿ. ಬುಪ್ರೆನಾರ್ಫಿನ್ ಅರ್ಧ ಮಾತ್ರ ತೆರೆಯುತ್ತದೆ, ಮತ್ತು ಗಟ್ಟಿಯಾಗಿ ಕಚ್ಚಿಕೊಂಡು ಕೂರುತ್ತದೆ. ಅರ್ಧ ತೆರೆದದ್ದರಿಂದ ಯಾತನೆ ಬರುವುದಿಲ್ಲ. ಪೂರ್ತಿ ತೆರೆಯದ್ದರಿಂದ ಸರಿಯಾದ ಅಳತೆಯಲ್ಲಿ ತೆಗೆದುಕೊಳ್ಳುವ ವ್ಯಸನಿಗೆ ಅಮಲು ಏರುವುದಿಲ್ಲ. ಗಟ್ಟಿಯಾಗಿ ಕೂತದ್ದರಿಂದ ಅದರ ಮೇಲೆ ಹಳೆಯ ಮಾತ್ರೆ ನುಂಗಿದರೂ ಮೊದಲಿನ ಮಜಾ ಸಿಗುವುದಿಲ್ಲ. ಒಂದು ಮಟ್ಟದ ನಂತರ ಹೆಚ್ಚು ತೆಗೆದುಕೊಂಡರೂ ಪರಿಣಾಮ ಏರುವುದಿಲ್ಲವಾದ್ದರಿಂದ ಉಸಿರು ಕಟ್ಟುವ ಅಪಾಯವೂ ಕಡಿಮೆ. ಪರಿಣಾಮ ದಿನವಿಡೀ ಉಳಿಯುತ್ತದೆ. ಹಾಗಾಗಿ ಸಾಮಾನ್ಯವಾಗಿ ದಿನಕ್ಕೆ ಒಮ್ಮೆ ಸಾಕು. ಇನ್ನು ನಲೊಕ್ಸೋನ್ ಕಾವಲುಗಾರ. ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟರೆ ಅದು ಸುಮ್ಮನಿರುತ್ತದೆ. ಪುಡಿ ಮಾಡಿ ಚುಚ್ಚಿಕೊಂಡರೆ ಯಾತನೆ ಎಬ್ಬಿಸುತ್ತದೆ.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವುದು ಎಂದು ಕೆಲವರು ಇದನ್ನು ವಿವರಿಸುತ್ತಾರೆ. ಮುರಿದ ಕಾಲಿಗೆ ಕಟ್ಟುವ ಪಟ್ಟಿ ಎನ್ನುವುದು ಇನ್ನೂ ಹತ್ತಿರದ ಮಾತು. ಮೂಳೆ ಕೂಡುವವರೆಗೆ ಪಟ್ಟಿ ಬೇಕು. ಯಾವಾಗ ಬಿಚ್ಚಬೇಕೆಂದು ವೈದ್ಯರು ನಿರ್ಧರಿಸುತ್ತಾರೆ, ನೆರೆಹೊರೆಯವರಲ್ಲ. ಕೆಲವರಿಗೆ ಒಂದು ವರ್ಷ, ಕೆಲವರಿಗೆ ಅದಕ್ಕಿಂತ ಹೆಚ್ಚು. ಬಿಡುವಾಗಲೂ ಒಮ್ಮೆಲೇ ಅಲ್ಲ, ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ.

ಇದು ಪ್ರಯೋಗದ ಹಂತದ ಔಷಧಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಬುಪ್ರೆನಾರ್ಫಿನ್ ಮತ್ತು ಮೆಥಡೋನ್‌ಗಳನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನಮ್ಮ ದೇಶದ ಅಗತ್ಯ ಔಷಧಿಗಳ 2022ರ ಪಟ್ಟಿಯಲ್ಲೂ ಬುಪ್ರೆನಾರ್ಫಿನ್ ಇದೆ. ಇಂಜೆಕ್ಷನ್ ಚುಚ್ಚಿಕೊಳ್ಳುವವರಿಗೆ ಎಚ್‌ಐವಿ ತಗಲದಿರಲೆಂದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ತನ್ನ ಕೇಂದ್ರಗಳಲ್ಲಿ ಇದನ್ನು ಉಚಿತವಾಗಿ ಕೊಡುತ್ತಾ ಬಂದಿದೆ.

ಹರಾಮ್ ಎಂಬ ಆತಂಕ

ಅಮಲೇರಿಸುವುದೆಲ್ಲ ನಿಷಿದ್ಧ ಎಂಬ ವಿಷಯದಲ್ಲಿ ಮುಸ್ಲಿಮರಲ್ಲಿ ಎರಡು ಮಾತಿಲ್ಲ. ನಿಮ್ಮ ಅತ್ತೆಯವರ ಆತಂಕ ಹುಟ್ಟಿದ್ದು ಧರ್ಮನಿಷ್ಠೆಯಿಂದ. ಅದನ್ನು ಗೌರವದಿಂದಲೇ ಕಾಣಬೇಕು. ಆದರೆ ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲ ಎಂದು ಕಲಿಸಿದವರೂ ಪ್ರವಾದಿ ಮುಹಮ್ಮದ್(ಸ)ರೇ. ಮದ್ಯದ ನಿಷೇಧ ಕೂಡ ಒಂದೇ ದಿನದಲ್ಲಿ ಬರಲಿಲ್ಲ, ಹಂತ ಹಂತವಾಗಿ ಬಂತು ಎಂಬುದು ಮದ್ರಸದ ಮಕ್ಕಳಿಗೂ ಗೊತ್ತು. ಮನುಷ್ಯನ ದೌರ್ಬಲ್ಯವನ್ನು ಬಲ್ಲ ಒಡೆಯನ ಕರುಣೆ ಅದರಲ್ಲಿದೆ. ಅಮಲಿಗಾಗಿ ನುಂಗುವುದು ಬೇರೆ, ಅಮಲಿನಿಂದ ಹೊರಬರಲು ವೈದ್ಯರು ಅಳೆದು ಕೊಟ್ಟದ್ದನ್ನು ನುಂಗುವುದು ಬೇರೆ. ಮನಸ್ಸಿಗೆ ಸಮಾಧಾನವಾಗದಿದ್ದರೆ ನಂಬಿಕೆಯ ಆಲಿಮರೊಬ್ಬರನ್ನು ಕೇಳಿ. ಕೇಳುವಾಗ ಬರೀ "ಅಫೀಮಿನ ಮಾತ್ರೆ" ಎನ್ನದೆ, ವೈದ್ಯರು ಹೇಳಿದ್ದನ್ನು ಪೂರ್ತಿ ತಿಳಿಸಿ.

ಮುಸ್ಲಿಮ್ ದೇಶಗಳ ಅನುಭವವೂ ನಮ್ಮ ಮುಂದಿದೆ. ಅಫಘಾನಿಸ್ತಾನದ ಅಫೀಮು ಹಾದುಹೋಗುವ ದಾರಿಯಲ್ಲಿರುವ ಇರಾನ್, ವ್ಯಸನಿಗಳನ್ನು ಬರೀ ಜೈಲಿಗೆ ತುಂಬುವುದರಿಂದ ಪ್ರಯೋಜನವಿಲ್ಲವೆಂದು ಕಂಡುಕೊಂಡು, 2000ದ ದಶಕದಲ್ಲಿ ಊರೂರಿಗೆ ಮೆಥಡೋನ್ ಕ್ಲಿನಿಕ್‌ಗಳನ್ನು ತೆರೆಯಿತು. ಮಲೇಷ್ಯಾ 2005ರಲ್ಲಿ ಮೆಥಡೋನ್ ಚಿಕಿತ್ಸೆ ಆರಂಭಿಸಿತು. 2010ರಲ್ಲಿ ಕೌಲಾಲಂಪುರದ ಮಲಯ ವಿಶ್ವವಿದ್ಯಾನಿಲಯದ ಪಕ್ಕದಲ್ಲಿರುವ ಅರ್ರಹ್ಮಾನ್ ಮಸೀದಿಯಲ್ಲೇ, ವಿಶ್ವವಿದ್ಯಾನಿಲಯದ ವೈದ್ಯರ ಉಸ್ತುವಾರಿಯಲ್ಲಿ, ಮೆಥಡೋನ್ ಕೊಡುವ ವ್ಯವಸ್ಥೆಯಾಯಿತು. ಮದ್ದು ತೆಗೆದುಕೊಂಡವರು ಅಲ್ಲೇ ನಮಾಝ್ ಮಾಡಿ, ದೀನಿ ತರಗತಿಯಲ್ಲಿ ಕೂತು ಹೋಗುತ್ತಿದ್ದರು. ಮಸೀದಿಯ ಮೆಟ್ಟಿಲು ಹತ್ತಲು ನಾಚುತ್ತಿದ್ದವರನ್ನು ಮಸೀದಿಯೇ ಕೈಹಿಡಿದು ಕರೆಯಿತು.

ರಮಝಾನ್ ಬಂದಾಗ ಏನು ಮಾಡುವುದು ಎಂದು ಹಲವರು ಕೇಳುತ್ತಾರೆ. ದಿನಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆಯಾದ್ದರಿಂದ ಸಮಯವನ್ನು ಇಫ್ತಾರಿನ ನಂತರಕ್ಕೋ ಸಹರಿಗೋ ಬದಲಿಸಿಕೊಳ್ಳಬಹುದೇ ಎಂದು ವೈದ್ಯರ ಬಳಿ ಮೊದಲೇ ಮಾತಾಡಿಕೊಳ್ಳಿ. ಉಪವಾಸಕ್ಕೆಂದು ಮಾತ್ರೆ ಬಿಡುವುದು ಬೇಡ. ರೋಗಿಗೆ ಅಲ್ಲಾಹನೇ ರಿಯಾಯಿತಿ ಕೊಟ್ಟಿದ್ದಾನೆ.

ನಿಜವಾದ ತೊಡಕು: ದೂರ ಮತ್ತು ದಿನಗೂಲಿ

ಪತ್ರದ ಕೊನೆಯ ಸಾಲುಗಳೇ ನಮ್ಮನ್ನು ಹೆಚ್ಚು ಕಾಡಿದವು. ಸಂಡೂರಿನಿಂದ ಬಳ್ಳಾರಿಗೆ ಸುಮಾರು 50 ಕಿಲೋಮೀಟರ್. ಹೊಸಪೇಟೆಯಿಂದ ಸುಮಾರು 60. ಹೋಗಿ, ಸಾಲಿನಲ್ಲಿ ನಿಂತು, ಬರುವಷ್ಟರಲ್ಲಿ ದಿನ ಮುಗಿಯುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಜೊತೆಗೆ ಹೋಗುವ ಹೆಂಡತಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದರೆ ಗಂಡನ ಟಿಕೆಟಿಗೆ, ಅದಕ್ಕಿಂತ ಹೆಚ್ಚಾಗಿ ಅವನ ಆ ದಿನದ ಕೂಲಿಗೆ ಯಾವ ಯೋಜನೆಯೂ ಇಲ್ಲ. ಬುಪ್ರೆನಾರ್ಫಿನ್ ಕಾನೂನಿನ ಹಿಡಿತದಲ್ಲಿರುವ ಔಷಧಿ. ಚಟದ ಚಿಕಿತ್ಸೆಗೆ ಮಾನ್ಯತೆ ಪಡೆದ ಕೇಂದ್ರಗಳಿಂದಲೇ ಅದನ್ನು ಪಡೆಯಬೇಕು. ಅಂಥ ಕೇಂದ್ರ ದೂರದಲ್ಲಿದ್ದರೆ ಉಳ್ಳವರು ಕಾರಿನಲ್ಲಿ ಹೋಗಿ ಬರುತ್ತಾರೆ. ಬಡವರು ಎರಡನೆಯ ತಿಂಗಳಲ್ಲಿ ಕೈಬಿಡುತ್ತಾರೆ. ಊರಿನವರು "ಮದ್ದು ನಾಟಲಿಲ್ಲ" ಎನ್ನುತ್ತಾರೆ. ನಾಟದಿದ್ದದ್ದು ಮದ್ದಲ್ಲ, ಬಸ್ಸಿನ ದಾರಿ.

ಈ ತೊಡಕನ್ನು ಬಿಡಿಸಿದವರಿದ್ದಾರೆ. ಫ್ರಾನ್ಸ್ ದೇಶ 1990ರ ದಶಕದ ಮಧ್ಯದಲ್ಲಿ ಸಾಮಾನ್ಯ ಕುಟುಂಬ ವೈದ್ಯರೂ ಬುಪ್ರೆನಾರ್ಫಿನ್ ಬರೆದುಕೊಡಬಹುದೆಂದು ಅನುಮತಿ ನೀಡಿತು. 1995ರಿಂದ 1999ರ ಒಳಗೆ ಅಲ್ಲಿ ಮಾದಕ ವಸ್ತುವಿನ ಅತಿಸೇವನೆಯಿಂದಾಗುವ ಸಾವುಗಳು ಶೇ. 79ರಷ್ಟು ಇಳಿದವು. ನಮ್ಮ ಪಂಜಾಬ್ 2017ರ ಅಕ್ಟೋಬರ್‌ನಲ್ಲಿ, ಆಸ್ಪತ್ರೆಗೆ ದಾಖಲಾಗದೆ ಹೊರರೋಗಿಯಾಗಿಯೇ ಈ ಮಾತ್ರೆ ಪಡೆಯುವ ಕ್ಲಿನಿಕ್‌ಗಳನ್ನು ಆರಂಭಿಸಿತು. ಮೊದಮೊದಲು ದಿನವೂ ಹೋಗಿ ಸಿಬ್ಬಂದಿಯ ಎದುರೇ ತೆಗೆದುಕೊಳ್ಳಬೇಕಿತ್ತು. 2020ರಲ್ಲಿ ಕೊರೋನಾ ಲಾಕ್‌ಡೌನ್ ಬಂದಾಗ ಎರಡು ಮೂರು ವಾರದ ಮಾತ್ರೆಯನ್ನು ಮನೆಗೇ ಕೊಡತೊಡಗಿದರು. ದಿನಗೂಲಿಯವರಿಗೆ ಅದು ದೊಡ್ಡ ಉಪಕಾರವಾಯಿತು. ಮಾತ್ರೆ ಕಳ್ಳದಾರಿಗೆ ಹೋಗುವ ದೂರುಗಳು ಅಲ್ಲಿ ಬಂದದ್ದೂ ಉಂಟು. ಹಾಗಾಗಿ ಲೆಕ್ಕ, ನಿಗಾ ಬೇಕೇ ಬೇಕು. ಆದರೆ ನಿಗಾ ಇಡುವುದೆಂದರೆ ಬಾಗಿಲು ಮುಚ್ಚುವುದಲ್ಲ.

ಬಳ್ಳಾರಿಯೇ ಕಲಿಸಿದ ಪಾಠ

ಪಂಜಾಬಿಗೂ ಫ್ರಾನ್ಸಿಗೂ ಹೋಗುವ ಮೊದಲು ನಮ್ಮ ಕಾಲ ಬುಡದಲ್ಲೇ ಇರುವ ಉದಾಹರಣೆಯನ್ನು ನೋಡಬೇಕು. ಹೊಸಪೇಟೆ, ಸಂಡೂರು, ಕಂಪ್ಲಿ ಎಲ್ಲವೂ ಒಂದೇ ಬಳ್ಳಾರಿ ಜಿಲ್ಲೆಯಲ್ಲಿದ್ದ ಕಾಲ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಈ ಜಿಲ್ಲೆಯನ್ನು ಆರಿಸಿಕೊಂಡಿತು. ಆಗ ಮಾನಸಿಕ ರೋಗ ಎಂದರೆ ಬೆಂಗಳೂರು ಇಲ್ಲವೇ ಧಾರವಾಡದ ದೊಡ್ಡ ಆಸ್ಪತ್ರೆಗೆ ಹೋಗಬೇಕಿತ್ತು. ಹೋಗಲಾಗದವರು ಮನೆಯ ಹಿಂಬದಿಯಲ್ಲಿ ಸರಪಳಿಯಲ್ಲಿರುತ್ತಿದ್ದರು. ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್, ಕನ್ನಡದ ಓದುಗರಿಗೆಲ್ಲ ಪರಿಚಿತರಾದ ಡಾ. ಸಿ.ಆರ್. ಚಂದ್ರಶೇಖರ್ ಮೊದಲಾದವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ನಾಲ್ಕಾರು ಮುಖ್ಯ ಔಷಧಿಗಳು ಹತ್ತಿರದ ಆಸ್ಪತ್ರೆಯಲ್ಲೇ ಸಿಗುವಂತಾಯಿತು. ಕಷ್ಟದ ರೋಗಿಗಳನ್ನು ಮಾತ್ರ ಜಿಲ್ಲಾ ಕೇಂದ್ರಕ್ಕೆ ಕಳುಹಿಸುತ್ತಿದ್ದರು.

ಸುಮಾರು ಐದು ವರ್ಷ ನಡೆದ ಈ ಕೆಲಸಕ್ಕೆ "ಬಳ್ಳಾರಿ ಮಾದರಿ" ಎಂಬ ಹೆಸರು ಬಂತು. 1996ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೇ ಮಾದರಿಯ ಮೇಲೆ ನಿಂತದ್ದು. ಅಂದರೆ ಮದ್ದನ್ನು ರೋಗಿಯ ಊರಿನ ಹತ್ತಿರಕ್ಕೆ ತರಬೇಕು ಎಂಬ ಪಾಠವನ್ನು ಇಡೀ ದೇಶಕ್ಕೆ ಕಲಿಸಿದ್ದು ಈ ಮಣ್ಣು. 2014ರಲ್ಲಿ ಕರ್ನಾಟಕ ಸರಕಾರ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯನ್ನೂ ಆರಂಭಿಸಿತು. ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ. ವೈದ್ಯರು ಬರುವ ಆ ದಿನವೇ, ಆ ಕೊಠಡಿಯಲ್ಲೇ, ಚಟದ ಚಿಕಿತ್ಸೆಗೂ ಒಂದು ಮೇಜು, ಬೀಗವಿರುವ ಒಂದು ಕಪಾಟು, ಲೆಕ್ಕ ಬರೆಯುವ ಒಬ್ಬ ನರ್ಸ್, ಎರಡು ವಾರದ ಮಾತ್ರೆ ಇಷ್ಟಾದರೆ ಸಂಡೂರಿನ ಲಾರಿ ಡ್ರೈವರ್ ಕೆಲಸ ಕಳೆದುಕೊಳ್ಳದೆ ಗುಣವಾಗಬಹುದು.

ಇನ್ನೊಂದು ಮಾತು. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಹೊಸಪೇಟೆ, ಹಂಪಿ ಅತ್ತ ಹೋದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಆದರೆ ಕಂಪ್ಲಿಯವರಿಗೂ ಸಂಡೂರಿನವರಿಗೂ ಹೊಸಪೇಟೆ ಸುಮಾರು 30 ಕಿಲೋಮೀಟರ್ ಮಾತ್ರ. ಸರಕಾರಿ ಆಸ್ಪತ್ರೆಗೆ ಜಿಲ್ಲೆಯ ಗಡಿ ಇಲ್ಲ. ಯಾವುದು ಹತ್ತಿರವೋ ಅಲ್ಲಿ ಮೊದಲು ವಿಚಾರಿಸಿ.

ಕಾನೂನು ಕೊಟ್ಟ ಹಕ್ಕುಗಳು

2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಯನ್ನೂ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಬಡತನ ರೇಖೆಯ ಕೆಳಗಿರುವವರು, ಬಿಪಿಎಲ್ ಕಾರ್ಡ್ ಕೈಯಲ್ಲಿ ಇಲ್ಲದಿದ್ದರೂ, ಸರಕಾರಿ ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತ ಚಿಕಿತ್ಸೆಗೆ ಅರ್ಹರು. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಇದೇ ಕಾಯ್ದೆ ನಿಷೇಧಿಸಿದೆ. ಖಾಸಗಿ ಕೇಂದ್ರಕ್ಕೆ ಸೇರಿಸುವ ಮುನ್ನ ಅದು ನೋಂದಣಿಯಾಗಿದೆಯೇ, ಅರ್ಹ ವೈದ್ಯರು ಬರುತ್ತಾರೆಯೇ, ಬಿಡುಗಡೆಯ ನಂತರದ ಮದ್ದಿನ ವ್ಯವಸ್ಥೆ ಏನು ಎಂದು ಕೇಳಿ. ಉತ್ತರ ಕೊಡಲು ತಡವರಿಸುವ ಕಡೆ ಒಡವೆ ಅಡವಿಟ್ಟ ಹಣ ಸುರಿಯಬೇಡಿ.

ಚಿಕಿತ್ಸೆಗೆ ಹೋದರೆ ಪೊಲೀಸರು ಹಿಡಿಯುತ್ತಾರೆಂಬ ಹೆದರಿಕೆ ಹಲವರಿಗಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಮುಂದೆ ಬಂದು ಸರಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದು ಪೂರೈಸಿದರೆ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಎಂಬ ಸೆಕ್ಷನ್ ಮಾದಕ ವಸ್ತು ಕಾಯ್ದೆಯಲ್ಲೇ ಇದೆ. ಹತ್ತಿರದ ಕೇಂದ್ರ ಎಲ್ಲಿದೆ ಎಂದು ತಿಳಿಯಲು 14446 ಎಂಬ ಉಚಿತ ಸಂಖ್ಯೆಗೆ, ಮನಸ್ಸಿನ ತಳಮಳಕ್ಕೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಎರಡನೆಯದರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಮನೆಯವರು ಗಮನಿಸಬೇಕಾದದ್ದು

ಮಾತ್ರೆಯನ್ನು ನುಂಗಬಾರದು. ನಾಲಿಗೆಯ ಕೆಳಗೆ ಐದು ಹತ್ತು ನಿಮಿಷ ಪೂರ್ತಿ ಕರಗಲು ಬಿಡಬೇಕು. ಆ ಹೊತ್ತಿನಲ್ಲಿ ನೀರು, ಮಾತು ಬೇಡ.

ಹಳೆಯ ಮಾದಕದ ಪ್ರಭಾವ ಇರುವಾಗಲೇ ಮೊದಲ ಮಾತ್ರೆ ಇಟ್ಟರೆ ಯಾತನೆ ಒಮ್ಮೆಲೇ ಏಳುತ್ತದೆ. ಆದ್ದರಿಂದ ಇದನ್ನು ಬೇರೆಯವರ ಚೀಟಿ ನೋಡಿ ಯಾರಿಗೂ ಕೊಡಬೇಡಿ. ಆರಂಭ ವೈದ್ಯರ ಮುಂದೆಯೇ ಆಗಬೇಕು.

ಮದ್ಯ, ನಿದ್ದೆ ಮಾತ್ರೆಗಳ ಜೊತೆ ಸೇರಿದರೆ ಜೀವಕ್ಕೆ ಅಪಾಯ. ಮೊದಲ ದಿನಗಳಲ್ಲಿ ಮಂಪರು ಬರಬಹುದು. ಅಳತೆ ಹೊಂದುವವರೆಗೆ ಲಾರಿ ಓಡಿಸುವುದು ಬೇಡ. ಮತ್ತೆ ಯಾವಾಗ ಓಡಿಸಬಹುದೆಂದು ವೈದ್ಯರನ್ನೇ ಕೇಳಿ. ಮಲಬದ್ಧತೆ ಸಾಮಾನ್ಯ. ನೀರು, ಸೊಪ್ಪು ಹೆಚ್ಚಿಸಿ.

ಮಕ್ಕಳ ಕೈಗೆ ಸಿಗದಂತೆ ಪೆಟ್ಟಿಗೆಯಲ್ಲಿ ಬೀಗ ಹಾಕಿಡಿ. ದೊಡ್ಡವರಿಗೆ ಮದ್ದಾದ ಒಂದು ಮಾತ್ರೆ ಮಗುವಿಗೆ ವಿಷ.

ಚಟವಿರುವ ಮನೆಯವರು ಅತಿಸೇವನೆಯ ಗುರುತು ತಿಳಿದಿರಬೇಕು. ಎಬ್ಬಿಸಿದರೂ ಏಳದ ನಿದ್ದೆ, ನಿಧಾನವಾಗುವ ಉಸಿರು, ನೀಲಿಯಾಗುವ ತುಟಿ, ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ. ಕಂಡೊಡನೆ 108ಕ್ಕೆ ಕರೆ ಮಾಡಿ. ಏನು ನುಂಗಿದ್ದಾರೆಂದು ವೈದ್ಯರಿಗೆ ಮುಚ್ಚಿಡಬೇಡಿ.

ಇಂಜೆಕ್ಷನ್ ಚುಚ್ಚಿಕೊಂಡ ಇತಿಹಾಸವಿದ್ದರೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಿ. ಎಚ್‌ಐವಿಗೂ ಹೆಪಟೈಟಿಸ್ ಸಿಗೂ ಸರಕಾರದ ಉಚಿತ ಚಿಕಿತ್ಸೆಯಿದೆ.

ನಡುವೆ ಒಮ್ಮೆ ಜಾರಿದರೆ "ಎಲ್ಲ ಹೋಯಿತು" ಎಂದು ಮಾತ್ರೆ ಬಿಸಾಡಬೇಡಿ. ವೈದ್ಯರಿಗೆ ತಿಳಿಸಿ, ಮುಂದುವರಿಸಿ. ಹಳೆಯ ಲೆಕ್ಕ ತೆಗೆದು ಊಟದ ಹೊತ್ತಿನಲ್ಲಿ ಚುಚ್ಚುವ ಮಾತಿಗಿಂತ, ಇಂದು ಸಮಯಕ್ಕೆ ಮಾತ್ರೆ ತೆಗೆದುಕೊಂಡರೇ ಎಂದು ಕೇಳುವ ಒಂದು ಮಾತು ಹೆಚ್ಚು ಕೆಲಸ ಮಾಡುತ್ತದೆ. ಸೊಂಟ ನೋವಿಗೂ ಪ್ರತ್ಯೇಕವಾಗಿ ತೋರಿಸಿ. ಮೂಲ ನೋವು ಹಾಗೇ ಉಳಿದರೆ ಹಳೆಯ ಮಾತ್ರೆ ಕರೆಯುತ್ತಲೇ ಇರುತ್ತದೆ. ಮೂರು ವಾರದಿಂದ ಸ್ಥಿರವಾಗಿರುವುದನ್ನು ವೈದ್ಯರಿಗೆ ಹೇಳಿ, ವಾರದ ಬದಲು ಎರಡು ವಾರದ ಮಾತ್ರೆ ಕೊಡಬಹುದೇ, ನಿಮ್ಮ ಜವಾಬ್ದಾರಿಯಲ್ಲಿ ಕೊಡಬಹುದೇ ಎಂದು ವಿನಂತಿಸಿ. ಮಾಲಕರ ಬಳಿ ನೀವೊಬ್ಬರೇ ಹೋಗಬೇಡಿ. ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ಅಮಲಿನಲ್ಲಿ ಲಾರಿ ಓಡಿಸುವ ಡ್ರೈವರಿಗಿಂತ ತಿಂಗಳಿಗೆ ಎರಡು ದಿನ ರಜೆ ಕೇಳುವ ಡ್ರೈವರ್ ಅವರಿಗೂ ಲಾಭವೇ.

ಜಮಾಅತ್ ಏನು ಮಾಡಬಹುದು?

ಚಟದ ವಿರುದ್ಧ ಜುಮಾ ಖುತ್ಬಾಗಳು ಆಗುತ್ತಲೇ ಇವೆ, ಆಗಬೇಕು. ಆದರೆ ಖುತ್ಬಾ ಕೇಳಿ ಮನಸ್ಸು ಕರಗಿದ ಯುವಕ ಮಸೀದಿಯಿಂದ ಹೊರಬಂದು ಎಲ್ಲಿಗೆ ಹೋಗಬೇಕು ಎಂಬುದನ್ನೂ ಖತೀಬರು ಅದೇ ಖುತ್ಬಾದಲ್ಲಿ ಹೇಳಿದರೆ ಒಳ್ಳೆಯದು. 14446 ಎಂಬ ಸಂಖ್ಯೆಯನ್ನು ವುಝೂಖಾನೆಯ ಗೋಡೆಗೆ ಅಂಟಿಸಲು ಹತ್ತು ರೂಪಾಯಿ ಸಾಕು. ಬೈತುಲ್‌ಮಾಲ್‌ನಿಂದ ಹೆಣ್ಣುಮಕ್ಕಳ ಮದುವೆಗೆ, ಆಪರೇಷನ್ನಿಗೆ ನೆರವು ಕೊಡುತ್ತೇವೆ. ಚಿಕಿತ್ಸೆಯಲ್ಲಿರುವ ಬಡವನೊಬ್ಬನ ಒಂದು ವರ್ಷದ ಬಸ್ ಖರ್ಚಿಗೆ, ಕಳೆದುಹೋಗುವ ದಿನಗೂಲಿಗೆ ನೆರವಾಗುವುದನ್ನೂ ಆ ಪಟ್ಟಿಗೆ ಸೇರಿಸಬಹುದು. ಝಕಾತ್‌ನ ಹಕ್ಕುದಾರರಲ್ಲಿ ಬಡವರೇ ಮೊದಲಿಗರು.

ಅದಕ್ಕಿಂತ ಮುಖ್ಯವಾದ ಕೆಲಸ ಒಂದಿದೆ. ಹೊಸಪೇಟೆ, ಕಂಪ್ಲಿ, ಸಂಡೂರುಗಳ ಜಮಾಅತ್ ಕಮಿಟಿಗಳು ಇತರ ಸಮುದಾಯಗಳ ಸಂಘಟನೆಗಳನ್ನೂ ಜೊತೆಗೆ ಸೇರಿಸಿಕೊಂಡು ಎರಡೂ ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಮನವಿ ಕೊಡಲಿ. ತಾಲೂಕು ಆಸ್ಪತ್ರೆಯಲ್ಲೇ ಬುಪ್ರೆನಾರ್ಫಿನ್ ಚಿಕಿತ್ಸೆ ಸಿಗಬೇಕು, ವೈದ್ಯರಿಗೆ ಅದರ ತರಬೇತಿಯಾಗಬೇಕು, ಸ್ಥಿರವಾದ ರೋಗಿಗೆ ಹೆಚ್ಚು ದಿನದ ಮಾತ್ರೆ ಸಿಗಬೇಕು ಎಂಬ ಮೂರೇ ಬೇಡಿಕೆ ಸಾಕು. ಈ ಚಟಕ್ಕೆ ಜಾತಿ, ಧರ್ಮ ಇಲ್ಲ. ಮನವಿಯ ಕೆಳಗಿನ ಸಹಿಗಳಿಗೂ ಇರಬಾರದು. 1985ರಲ್ಲಿ ಈ ಜಿಲ್ಲೆಯ ಹಳ್ಳಿಯ ಆಸ್ಪತ್ರೆಯಲ್ಲಿ ಆದದ್ದು ಈಗ ಆಗಲಾರದು ಎನ್ನಲು ಯಾವ ಅಧಿಕಾರಿಗೂ ಕಾರಣ ಸಿಗದು.

ಒಬ್ಬ ಮನುಷ್ಯನ ಜೀವ ಉಳಿಸಿದವನು ಇಡೀ ಮನುಕುಲದ ಜೀವ ಉಳಿಸಿದಂತೆ ಎಂದು ನಂಬಿದವರು ನಾವು. ಆ ಜೀವ ಕೆಲವೊಮ್ಮೆ ಒಂದು ಬಸ್ ಟಿಕೆಟಿನಷ್ಟೇ ದೂರದಲ್ಲಿರುತ್ತದೆ.